ಎರಡು ದನದವರ ವಕಾಲತ್ತು

ನನ್ನ ಕೆಲಸಕ್ಕೆ ಆ ಕಾಲದಲ್ಲಿ ಹೆಸರೇ ಇರಲಿಲ್ಲ. ಸವಣೂರಿನ ನಮ್ಮ ಓಣಿಯಲ್ಲಿ ಯಾರಾದರೂ "ನಿಮ್ಮ ಗುರುನಾಥ ಈಗ ಏನ್ ಮಾಡ್ತಾನ್ರೀ?" ಎಂದು ಕೇಳಿದರೆ ನಮ್ಮವ್ವ, "ದಿಲ್ಲಿಗೆ ಹೋಗಿ ಕೂಡ್ತಾನ" ಎನ್ನುತ್ತಿದ್ದಳು. ಹಂಗಿಸುವ ಮಾತೇನೋ ಹೌದು, ಆದರೆ ಸುಳ್ಳಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನ ಗೋಬರ್ ಗ್ಯಾಸ್ ಬಳಕೆದಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಸಗಣಿಯ ಗ್ಯಾಸಿನಿಂದ ಒಲೆ ಹಚ್ಚುವವರಿಗೆ ಕೇಂದ್ರ ಸರಕಾರ ಸಹಾಯಧನ ಕೊಡಬೇಕು, ಅದರ ಡ್ರಮ್ಮು ಒಲೆಗಳ ಮೇಲಿನ ತೆರಿಗೆ ಬಿಡಬೇಕು ಎಂದು ದಿಲ್ಲಿಯ ಕಚೇರಿಗಳ ಮುಂದಿನ ಬೆಂಚಿನ ಮೇಲೆ ಕೂತು ಕೇಳಿಕೊಳ್ಳುವುದು ನನ್ನ ಕೆಲಸ. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದ ಕೊನೆಯವರೆಗೆ ಅದನ್ನೇ ಮಾಡಿದೆ.

ಮೊನ್ನೆ ಇಬ್ಬರು ತರುಣರು ಮನೆಗೆ ಬಂದಿದ್ದರು. ಬಿಸಿಲಿನಿಂದ ಕರೆಂಟು ಮಾಡುವವರ ಪರವಾಗಿ ಅವರೂ ದಿಲ್ಲಿಗೆ ಓಡಾಡುತ್ತಾರಂತೆ. ಈಗ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ, ಕಲಿಸುವ ಕಾಲೇಜುಗಳೂ ಇವೆ ಎಂದು ಹೇಳಿದರು. "ನಿಮ್ಮ ಅನುಭವ ಬರೆದುಕೊಡಿ ಸರ್, ನಮಗೊಂದು ದಾರಿ ಆಗ್ತದೆ" ಎಂದರು. ದಾರಿ ಗೊತ್ತಿದ್ದರೆ ನಾನು ಅಷ್ಟು ವರ್ಷ ಸುತ್ತುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಚಿಕ್ಕೇರೂರಿನ ಪಾರ್ವತೆವ್ವನ ಸಂಗತಿ ನನ್ನ ಜೊತೆಗೇ ಮುಗಿದುಹೋಗಬಾರದು.

ನಮ್ಮ ತಂದೆ ಸಂಸ್ಕೃತ ಪಾಠ ಹೇಳುತ್ತಿದ್ದ ಆಚಾರ್ಯರು. ನಾನು ರಸಾಯನಶಾಸ್ತ್ರ ಓದಿ, ಧಾರವಾಡದಿಂದ ಪದವಿ ತಂದು, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದೆ. ಸಂಘದ ಅಧ್ಯಕ್ಷರು ಹತ್ತಿಮತ್ತೂರಿನ ಗದಿಗೆಪ್ಪಗೌಡರು. ಎತ್ತರದ ಆಳು, ದೊಡ್ಡ ದನಿ, ದೊಡ್ಡ ಕೊಟ್ಟಿಗೆ. ಅವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ.

"ಸಗಣಿ ಮುಟ್ತೀರೇನ್ರಿ ಆಚಾರ್ರ?"

"ನಮ್ಮ ಮನ್ಯಾಗ ದಿನಾ ಅದರಿಂದನ ಸಾರಸ್ತಾರ್ರೀ."

"ಇಂಗ್ಲಿಷ್ ಬರತೈತೇನು?"

"ಬರ್ತದ್ರೀ."

"ಹಂಗಾರ ನಮಗ ಬೇಕಾದ್ದು ಎರಡೂ ಬಂತು. ನಾಳಿಂದ ಬರ್ರಿ."

ಹಾಗೆ ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿದ್ದ ಒಂದು ಕೋಣೆ ನನ್ನ ಕಚೇರಿಯಾಯಿತು. ಮೊದಲ ವರ್ಷ ದಿಲ್ಲಿಯ ಮಾತಿಲ್ಲ. ಹಳ್ಳಿ ಹಳ್ಳಿಗೆ ಹೋಗಿ, ಸಗಣಿ ಮತ್ತು ನೀರನ್ನು ಸಮಸಮ ಕಲಸಿ ಗುಂಡಿಗೆ ಬಿಟ್ಟರೆ ಒಳಗೆ ಗ್ಯಾಸ್ ಹುಟ್ಟುತ್ತದೆ, ಅದು ಮೇಲಿನ ಕಬ್ಬಿಣದ ಡ್ರಮ್ಮನ್ನು ಎತ್ತುತ್ತದೆ, ಕೊಳವೆಯಲ್ಲಿ ಒಲೆಗೆ ಬರುತ್ತದೆ, ಹೊಗೆ ಇಲ್ಲ, ಉಳಿದ ರಾಡಿ ಹೊಲಕ್ಕೆ ಒಳ್ಳೆಯ ಗೊಬ್ಬರ ಎಂದು ಹೇಳಬೇಕಾಗಿತ್ತು. ಡ್ರಮ್ಮು ಎದ್ದಿದ್ದರೆ ಗ್ಯಾಸ್ ಇದೆ, ಇಳಿದಿದ್ದರೆ ಇಲ್ಲ. ಇಷ್ಟು ತಿಳಿದರೆ ಸಾಕು, ನೀವೂ ಇಂಜಿನಿಯರ್ ಆದಿರಿ ಎನ್ನುತ್ತಿದ್ದೆ. ಹುಲಗೂರಿನಲ್ಲಿ ದರ್ಗಾದ ಹತ್ತಿರ ಹೂ ಮಾರುವ ಮುದುಕರೊಬ್ಬರು ಎಲ್ಲ ಕೇಳಿಸಿಕೊಂಡು, "ಅಲ್ರೀ, ಇಷ್ಟು ಗಾಳಿ ನಮ್ಮ ಎಮ್ಮಿ ಹೊಟ್ಟ್ಯಾಗ ಇತ್ತಂದ್ರ ಅದು ಹಾರಿ ಹೋಗ್ತಿತ್ತಲ್ರೀ" ಎಂದರು. ಸಭೆ ಅಲ್ಲಿಗೇ ಮುಗಿಯಿತು.

ನಮ್ಮ ಮನೆಯಲ್ಲೇ ಸೋತೆ. ಅವ್ವ ಮಡಿಯವಳು. ಓಣಿಯ ತುದಿಯ ವಕೀಲರ ಮನೆಯಲ್ಲಿ ಗೋಬರ್ ಗ್ಯಾಸ್ ಬಂದಾಗ ನೋಡಿಕೊಂಡು ಬಂದು, "ಸಗಣಿದು ಏನೂ ಅಡ್ಡಿಯಿಲ್ಲ. ಆದರ ಕಬ್ಬಿಣದ ಕೊಳವಿಯೊಳಗಿಂದ ಬಂದ ಬೆಂಕಿ ಮಡಿಗೆ ಬರೂದಿಲ್ಲ" ಎಂದಳು. ಇಂಥ ತಕರಾರನ್ನು ದಿಲ್ಲಿಯ ಯಾವ ಅಧಿಕಾರಿಯೂ ಎತ್ತಲಿಲ್ಲ. ಅವರ ತಕರಾರುಗಳಿಗಿಂತ ನಮ್ಮವ್ವನದೇ ವಾಸಿ, ಅದಕ್ಕೊಂದು ಕಾರಣವಾದರೂ ಇತ್ತು.

ಇನ್ನು ದಿಲ್ಲಿ. ಹಾವೇರಿಯಲ್ಲಿ ಗಾಡಿ ಹತ್ತಿ, ಹುಬ್ಬಳ್ಳಿ, ಮೀರಜ ಎಂದು ಬದಲಿಸುತ್ತ ಹೋದರೆ ದಿಲ್ಲಿ ಮುಟ್ಟುವ ಹೊತ್ತಿಗೆ ಅಂಗಿಯ ಬಣ್ಣ ಬೇರೆಯಾಗಿರುತ್ತಿತ್ತು. ಮೊದಲ ಸಲ ಗೌಡರೂ ನಾನೂ ಹೋದೆವು. ಬರಿಗೈಲಿ ಹೋಗಬಾರದೆಂದು ಗೌಡರು ಸವಣೂರಿನ ವೀಳ್ಯದೆಲೆಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ಕೂಸನ್ನು ನೋಡಿಕೊಂಡಂತೆ ನೋಡಿಕೊಂಡರು. ಸೆಕ್ಷನ್ ಆಫೀಸರ್ ಬನಾರಸದ ಕಡೆಯವನು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ, ಆದರೆ ನಮ್ಮ ಊರಿನ ಎಲೆಯಂತಲ್ಲ ಎಂದ. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಗೌಡರ ಮೋರೆ ಕೆಂಪಾಯಿತು. "ಅಂವಗ ಹೇಳ್ರಿ, ನವಾಬರು ತಿಂದ ಎಲಿ ಇದು. ಮೂರು ದಿನಾ ರೈಲಿನ್ಯಾಗ ಬಂದೈತಿ. ಅವನ ಎಲಿ ಮೂರು ದಿನಾ ರೈಲಿನ್ಯಾಗ ಕುಂತು ಸವಣೂರಿಗೆ ಬರ್ಲಿ, ಆಮ್ಯಾಲೆ ನೋಡೂಣು." ನಾನು ಅನುವಾದಿಸಿದ್ದು, ತಮ್ಮ ಊರಿನ ಎಲೆಯ ಕೀರ್ತಿ ನಮಗೂ ತಲುಪಿದೆ ಎಂದು. ಆಫೀಸರ್ ಖುಷಿಯಾಗಿ ನಮ್ಮ ಅರ್ಜಿಯನ್ನು ಕೆಳಗಿನಿಂದ ಮೇಲೆ ಇಟ್ಟ. ತರುಣರೇ, ಈ ಕೆಲಸದಲ್ಲಿ ಅರ್ಧ ಇದೇ.

ಉಳಿದರ್ಧ ಕಾಯುವುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿ ಇರುತ್ತಿದ್ದರು, ಆದರೆ ಹೆದರಿಕೊಂಡು ಯಾರೂ ಏನನ್ನೂ ಬರೆಯುತ್ತಿರಲಿಲ್ಲ. ಅದು ಹೋದಮೇಲೆ ಬರೆಯುವವರು ಬಂದರು, ಕುರ್ಚಿಯಲ್ಲಿ ಸಿಗುತ್ತಿರಲಿಲ್ಲ. ಸರಕಾರ ಬದಲಾದಂತೆ ಗೋಬರ್ ಗ್ಯಾಸ್ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಒಮ್ಮೆ ಅದು ಕೃಷಿ, ಒಮ್ಮೆ ಗ್ರಾಮೋದ್ಯೋಗ, ಒಮ್ಮೆ ಇಂಧನ. ಪ್ರತಿ ಸಲ ಹೊಸ ಬಾಗಿಲು, ಹೊಸ ಜವಾನ, ಮತ್ತೆ ಮೊದಲಿನಿಂದ ಕಥೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅಲ್ಲಿ ದೇವರು ಯಾರು, ಪೂಜಾರಿ ಯಾರು ಎಂಬುದೇ ತಿಳಿಯುತ್ತಿರಲಿಲ್ಲ.

ಪಾರ್ವತೆವ್ವ ನನ್ನ ಮುಂದೆ ಬಂದದ್ದು ಹೀಗೆ. ಕೇಂದ್ರದ ಸಹಾಯಧನ ಸಿಗಬೇಕಾದರೆ ಮನೆಯಲ್ಲಿ ಕನಿಷ್ಠ ಐದು ದನ ಇರಬೇಕೆಂದು ನಿಯಮವಿತ್ತು. ಚಿಕ್ಕೇರೂರಿನ ಸಭೆಯಲ್ಲಿ ಅದನ್ನು ವಿವರಿಸುತ್ತಿದ್ದಾಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಂಗಸು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಮಗ ಒಂದು ಆಕಳ, ಒಂದು ಎಮ್ಮಿ ಅದಾವ್ರಿ. ಅವುಗಳ ಸಗಣಿಗೆ ಬೆಂಕಿ ಹತ್ತೂದಿಲ್ಲೇನ್ರಿ?" ಎಂದು ಕೇಳಿದಳು.

ನಾನು ಹತ್ತುತ್ತದೆ, ಆದರೆ ನಿಯಮ ಎಂದೆ.

"ನಿಯಮ ಮಾಡಿದವರು ನಮ್ಮ ಮನಿಗೆ ಬಂದಿದ್ರೇನ್ರಿ?"

ಅವಳು ಅಳುತ್ತಿರಲಿಲ್ಲ. ಅವಳ ಕಣ್ಣು ಸದಾ ಹಾಗೆಯೇ, ಕೆಂಪಗೆ, ನೀರು ಸುರಿಸುತ್ತ. ಪಾರ್ವತೆವ್ವ ರೊಟ್ಟಿ ಬಡಿದು ಮಾರುವವಳು. ಊರಿನ ಮಾಸ್ತರರಿಗೆ, ಪೋಸ್ಟಿನವರಿಗೆ, ಮದುವೆ ಮುಂಜಿಗಳಿಗೆ ಅವಳದೇ ಜೋಳದ ರೊಟ್ಟಿ. ಗಂಡ ವೀರಪ್ಪನದು ತುಂಡು ಹೊಲ, ಮನೆ ನಡೆಯುತ್ತಿದ್ದದ್ದು ಅವಳ ಒಲೆಯಿಂದ. ಹಾನಗಲ್ಲಿನ ಡಾಕ್ಟರು ಹೊಗೆಯ ಮುಂದೆ ಕೂಡುವುದನ್ನು ಬಿಡದಿದ್ದರೆ ಕಣ್ಣು ಹೋಗುತ್ತದೆ ಎಂದಿದ್ದರು. ಒಲೆ ಬಿಟ್ಟರೆ ಊಟ ಹೋಗುತ್ತದೆ. ಇದನ್ನೆಲ್ಲ ಅವಳು ಬೇಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ, ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಿದಳು. ನಾಲ್ಕು ತಾಲೂಕಿನಲ್ಲಿ ಐದು ದನ ಇದ್ದವರು ಎಷ್ಟು ಜನ, ಎರಡು ದನದವರು ಎಷ್ಟು ಜನ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಂದಿನಿಂದ ನಮ್ಮ ಬೇಡಿಕೆ ಒಂದೇ ಆಯಿತು. ಎರಡು ದನದವರಿಗೂ ಸಹಾಯಧನ ಕೊಡಿ.

ಆಗ ಈ ವಿಷಯ ನೋಡುತ್ತಿದ್ದ ಉಪ ಕಾರ್ಯದರ್ಶಿ ನಟರಾಜನ್ ಎಂಬವರು. ಮದ್ರಾಸಿನವರು, ನಿಧಾನಸ್ಥರು, ಸಂಭಾವಿತರು. ನಾನು ಹೇಳಿದ ಪಾರ್ವತೆವ್ವನ ಕಥೆಯನ್ನು ಪೂರ್ತಿ ಕೇಳಿದ ಮೊದಲ ಅಧಿಕಾರಿ. ಕೇಳಿ, ಎರಡು ದನದ ಸಗಣಿಯಿಂದ ಒಂದು ಮನೆಯ ಅಡುಗೆ ಆಗುವಷ್ಟು ಗ್ಯಾಸ್ ಬರುತ್ತದೆ ಎಂಬುದನ್ನು ನೀವು ತೋರಿಸಿ, ನಾನು ಬಂದು ನೋಡಿ ಬರೆಯುತ್ತೇನೆ ಎಂದರು. ಅದಕ್ಕಿಂತ ಹೆಚ್ಚಿನ ಮಾತು ದಿಲ್ಲಿಯಲ್ಲಿ ನಮಗೆ ಯಾರೂ ಕೊಟ್ಟಿರಲಿಲ್ಲ. ಗೌಡರು ತಮ್ಮ ಕೊಟ್ಟಿಗೆ ಹಿಗ್ಗಿಸಲು ತರಿಸಿದ್ದ ಇಟ್ಟಂಗಿಯನ್ನು ಚಕ್ಕಡಿ ಹೇರಿಸಿ ಚಿಕ್ಕೇರೂರಿಗೆ ಕಳಿಸಿಬಿಟ್ಟರು. ಹಾನಗಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಸಣ್ಣ ಡ್ರಮ್ಮು ಮಾಡಿಸಿದೆವು. ಪಾರ್ವತೆವ್ವನ ಹಿತ್ತಿಲಲ್ಲಿ ಸಣ್ಣ ಗುಂಡಿ ಬಂತು.

ಮೊದಲ ಸಲ ಒಲೆ ಹತ್ತಿದ ದಿನ ಅವಳು ಉರಿಯ ಮೇಲೆ ಅಂಗೈ ಹಿಡಿದು ನೋಡಿದಳು. ಆಮೇಲೆ, "ಕೆಂಡ ಇಲ್ಲದ ರೊಟ್ಟಿ ಉಬ್ಬತೈತೇನ್ರಿ?" ಎಂದಳು. ಅದು ನನಗೆ ಗೊತ್ತಿರಲಿಲ್ಲ. ಅವಳೇ ಹಂಚಿನ ಮೇಲೆ ಅರಿವೆಯಿಂದ ಒತ್ತಿ ಒತ್ತಿ ಉಬ್ಬಿಸಿದಳು, ಮೊದಲ ರೊಟ್ಟಿಯನ್ನು ಆಕಳಿಗೆ ತಿನಿಸಿದಳು. ತಿಂಗಳೊಪ್ಪತ್ತಿನಲ್ಲಿ ಕಣ್ಣಿನ ಕೆಂಪು ಇಳಿಯಿತು. ನೆರೆಯ ಹೆಂಗಸರು ಬಂದು ನಮ್ಮ ಮನೆಗೆ ಯಾವಾಗ ಎಂದು ಕೇಳತೊಡಗಿದರು. ಅವರಲ್ಲಿ ಹೆಚ್ಚಿನವರು ಎರಡು ದನದವರೇ. ಸಾಹೇಬರು ಬಂದು ನೋಡಿದರೆ ಎಲ್ಲರಿಗೂ ಬರುತ್ತದೆ ಎಂದು ಪಾರ್ವತೆವ್ವ ಅವರಿಗೆ ಹೇಳಿಬಿಟ್ಟಿದ್ದಳು. ಅವಳಿಗೆ ಹಾಗೆ ಹೇಳಿದ್ದವನು ನಾನು.

ಸಾಹೇಬರು ಯಾವ ದಿನ ಬರಲಿ ಎಂದು ನಮ್ಮನ್ನೇ ಕೇಳಿದರು. ಗೌಡರು ಯೋಚನೆಯನ್ನೇ ಮಾಡಲಿಲ್ಲ. "ದೀಪಾವಳಿ ಪಾಡ್ಯಕ್ಕ ಬರ್ಲಿ ಅಂತ ಬರೀರಿ. ದನಾ ಸಿಂಗಾರ ಆಗಿರ್ತಾವ, ಮನಿ ಸಾರಿಸಿ ಲಕ್ಷಣ ಆಗಿರತೈತಿ, ಹೋಳಿಗಿ ಊಟಾನೂ ಆಗತೈತಿ. ಸಾಹೇಬ ಒಮ್ಮೆ ನೋಡಿದಂವ ಮರೀಬಾರದು." ನನಗೂ ಸರಿಯೆನಿಸಿತು. ನಟರಾಜನ್ ಅವರಿಗೂ ಅನುಕೂಲವಾಯಿತು. ಅವರ ಹಬ್ಬ ಚತುರ್ದಶಿಗೇ ಮುಗಿಯುತ್ತದೆ, ಮದ್ರಾಸಿನ ಮನೆಯಲ್ಲಿ ಹಬ್ಬ ಮುಗಿಸಿ ಅಲ್ಲಿಂದಲೇ ಬರುತ್ತೇನೆ ಎಂದು ಬರೆದರು.

ಹಾವೇರಿ ಸ್ಟೇಶನ್ನಿನಿಂದ ಜೀಪಿನಲ್ಲಿ ಚಿಕ್ಕೇರೂರಿಗೆ ಬಂದಾಗ ಮಧ್ಯಾಹ್ನ. ಊರು ನಿಜಕ್ಕೂ ಚೆಂದ ಕಾಣುತ್ತಿತ್ತು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಚೆಂಡುಹೂವು. ಎಲ್ಲರ ಹೊಸ್ತಿಲ ಮೇಲೆ ಹಟ್ಟೆವ್ವ ಕೂತಿದ್ದಳು. ನಮ್ಮ ಕಡೆ ಪಾಡ್ಯದ ದಿನ ಆಕಳ ಸಗಣಿಯಲ್ಲಿ ಹಟ್ಟೆವ್ವನನ್ನೂ ಪಾಂಡವರನ್ನೂ ಮಾಡಿ, ಹೂವು, ಉತ್ತರಾಣಿ ಕಡ್ಡಿ ಸಿಗಿಸಿ, ಹೊಸ್ತಿಲಿಗೆ, ಕಣಜಕ್ಕೆ, ಕೊಟ್ಟಿಗೆಗೆ ಇಟ್ಟು ಪೂಜಿಸುತ್ತಾರೆ. ನಟರಾಜನ್ ಬಗ್ಗಿ ನೋಡಿ ಬಹಳ ಮೆಚ್ಚಿಕೊಂಡರು. ಒಳಗೆ ಹೋದೆವು. ಪಾರ್ವತೆವ್ವ ಹೊಸ ಸೀರೆ ಉಟ್ಟು ಒಲೆಯ ಪಕ್ಕ ನಿಂತಿದ್ದಳು. ಗೌಡರು "ಹಚ್ಚವ್ವಾ" ಎಂದರು.

ಅವಳು ಕಡ್ಡಿ ಗೀರಿ ಒಲೆಯ ಕೀಲಿ ತಿರುವಿದಳು. ನೀಲಿ ಉರಿ ಒಮ್ಮೆ ಕಣ್ಣು ಬಿಟ್ಟು ಮುಚ್ಚಿತು. ಇನ್ನೊಂದು ಕಡ್ಡಿ ಗೀರಿದಳು. ಅದಕ್ಕೆ ಅಷ್ಟೂ ಬರಲಿಲ್ಲ.

ನಾನು ಹಿತ್ತಿಲಿಗೆ ಓಡಿದೆ. ಡ್ರಮ್ಮು ಪೂರ್ತಿ ಇಳಿದು ಗುಂಡಿಯ ಬಾಯಿಗೆ ಕೂತಿತ್ತು. ಆಗಿದ್ದೇನೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಹಬ್ಬಕ್ಕೆ ಹೆಣ್ಣುಮಕ್ಕಳು, ಅಳಿಯಂದಿರು ಬಂದಿದ್ದರು. ಸಾಹೇಬರು ಬರುತ್ತಾರೆಂದು ನಾಲ್ಕು ಮನೆಗಾಗುವಷ್ಟು ಹೋಳಿಗೆ ಮಾಡಿದ್ದರು. ಬಂದ ಹೆಂಗಸರಿಗೆಲ್ಲ ಒಲೆ ಹಚ್ಚಿ ತೋರಿಸಿದ್ದಾಗಿತ್ತು. ಪಕ್ಕದ ಮನೆಯ ಹೂರಣದ ಬೇಳೆಯೂ ಅದರ ಮೇಲೆಯೇ ಬೆಂದಿತ್ತು. ಮತ್ತೆ ಗುಂಡಿಗೆ ಬೀಳಬೇಕಾಗಿದ್ದ ಸಗಣಿ ಅಮಾಸ್ಯೆಯಿಂದ ಬಿದ್ದೇ ಇರಲಿಲ್ಲ. ಮನೆ ಸಾರಿಸುವುದಕ್ಕೆ ಅಷ್ಟು, ದನವಿಲ್ಲದ ಮನೆಯವರು ಕೇಳಿಕೊಂಡು ಬಂದಾಗ ಅವರ ಹಟ್ಟೆವ್ವನಿಗೆ ಅಷ್ಟು, ಉಳಿದದ್ದು ಈ ಮನೆಯ ಹೊಸ್ತಿಲ ಮೇಲೆ ಹೂ ಮುಡಿದು ಕೂತಿತ್ತು.

ನಟರಾಜನ್ ತಿಳಿಯದೆ, ಸಗಣಿ ಅಲ್ಲೇ ಇದೆಯಲ್ಲ, ಹಾಕಬಹುದಲ್ಲ ಎಂದು ಹೊಸ್ತಿಲ ಕಡೆ ಕೈ ಮಾಡಿದರು. ಹಾಕಿದರೂ ಆ ಗಳಿಗೆಗೇನೂ ಗ್ಯಾಸ್ ಬರುತ್ತಿರಲಿಲ್ಲ. ಅವರ ಮಾತನ್ನು ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಪಾರ್ವತೆವ್ವ ಬೆಚ್ಚಿ, "ಇವತ್ತ ಆಕಿ ಲಕ್ಷ್ಮೀ ರೀ. ಗುಂಡ್ಯಾಗ ಹೆಂಗ ಹಾಕ್ಲಿ?" ಎಂದಳು.

ಗೌಡರ ಮನೆಯಲ್ಲಿ ಇಪ್ಪತ್ತು ದನ, ಹಟ್ಟೆವ್ವನಿಗೆಂದು ಒಂದು ಬುಟ್ಟಿ ಸಗಣಿ ಹೋದರೆ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ನಮ್ಮ ಮನೆಯಲ್ಲಿ ದನವೇ ಇಲ್ಲ, ಹಬ್ಬಕ್ಕೆ ಸಗಣಿ ಕೇಳಿಕೊಂಡು ಬರುವವರಲ್ಲಿ ನಮ್ಮವ್ವನೂ ಒಬ್ಬಳು. ಎರಡು ದನದವರ ಪರವಾಗಿ ದಿಲ್ಲಿಯವರೆಗೆ ವಕಾಲತ್ತು ಹಾಕಿದ ನಮ್ಮಿಬ್ಬರಿಗೂ ಎರಡು ದನದ ಮನೆಯ ಹಬ್ಬ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಊಟಕ್ಕೆ ಕೂತೆವು. ನಟರಾಜನ್ ಹೋಳಿಗೆ ಮುರಿದು ಬಾಯಿಗಿಡುವಾಗ ಗೌಡರು ತಡೆಯಲಾರದೆ, "ಸಾಹೇಬ್ರಿಗೆ ಹೇಳ್ರಿ ಆಚಾರ್ರ, ಗ್ಯಾಸ್ ಎಲ್ಲೂ ಹೋಗಿಲ್ಲ, ಅವರ ತಾಟಿನ್ಯಾಗನ ಐತಿ" ಎಂದರು. ಈ ಸಲ ನಾನು ಗೌಡರು ಹೇಳಿದ್ದನ್ನು ಹೇಳಿದಂತೆಯೇ ಅನುವಾದಿಸಿದೆ. ನಟರಾಜನ್ ನಕ್ಕರು, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಆದರೆ ತಾನು ಕಂಡದ್ದನ್ನಷ್ಟೇ ಬರೆಯಬಲ್ಲೆ ಎಂದು ನನಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಅವರನ್ನು ನಾನು ಎಂದೂ ಬೈದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ.

ಜೀಪು ಹತ್ತುವ ಮುಂದೆ ಪಾರ್ವತೆವ್ವ ಕೈಮುಗಿದು ನಿಂತದ್ದನ್ನು ಕಂಡು ಅವರಿಗೆ ಮನಸ್ಸು ಕರಗಿರಬೇಕು. ಅಮ್ಮ ಬೇಸರ ಮಾಡಿಕೊಳ್ಳಬಾರದು, ಮತ್ತೊಮ್ಮೆ ಬರುತ್ತೇನೆ, ಈ ಸಲ ಮುಂಚಿತವಾಗಿ ಹೇಳದೆ ಬರುತ್ತೇನೆ ಎಂದರು. ನಾನು ಅವಳಿಗೆ, "ಸಾಹೇಬ್ರು ಮತ್ತ ಬರ್ತಾರಂತ. ಹೇಳದನ ಬರ್ತಾರಂತ" ಎಂದೆ. ಅವಳು ತಲೆಯಾಡಿಸಿದಳು. ಹೋಗುವವರು ಬಾಗಿಲಲ್ಲಿ ಆಡುವ ಮಾತೆಂದು ನಾನು ಅದನ್ನು ಜೀಪಿನಲ್ಲೇ ಮರೆತೆ.

ಭೇಟಿಯ ದಿನ ಒಲೆ ಉರಿಯಲಿಲ್ಲ ಎಂಬ ಅವರ ವರದಿಯ ಒಂದು ಸಾಲು ಆಮೇಲೆ ವರ್ಷಗಟ್ಟಲೆ ನಮ್ಮ ಮುಂದೆ ನಡೆಯಿತು. ನಾವು ಯಾವ ಕೋಣೆಗೆ ಹೋದರೂ ಅದು ಮೊದಲೇ ಹೋಗಿ ಕೂತಿರುತ್ತಿತ್ತು. ನಟರಾಜನ್ ಅವರನ್ನು ಮುಂದಿನ ವರ್ಷವೇ ಮೀನುಗಾರಿಕೆಗೆ ಹಾಕಿದರು. ಅವರ ನಂತರ ಬಂದವರು ನಮ್ಮನ್ನು ನೋಡಿ, ಅದು ಪರೀಕ್ಷೆಯಾಗಿ ಫೇಲಾದ ವಿಷಯವಲ್ಲವೇ ಎನ್ನುತ್ತಿದ್ದರು. ಅಂದು ಹಬ್ಬವಿತ್ತು ಎಂದರೆ, ಹಬ್ಬದ ದಿನ ಜನ ಉಣ್ಣುವುದಿಲ್ಲವೇ ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಹೇಳಿ ಹೇಳಿ ನನಗೇ ಅದು ನೆವದ ಹಾಗೆ ಕೇಳಿಸತೊಡಗಿತು.

ಅದೇ ಬೆಂಚುಗಳ ಮೇಲೆ ನಮಗೆ ಹುಬ್ಬಳ್ಳಿಯ ಶಹಾ ಸೇಟರ ಗುರುತಾಯಿತು. ಡ್ರಮ್ಮು, ಒಲೆ, ಬಿಸಿಲಲ್ಲಿ ನೀರು ಕಾಯಿಸುವ ಪೆಟ್ಟಿಗೆ, ಇಂಥವನ್ನೆಲ್ಲ ತಯಾರಿಸುವ ಕಾರಖಾನೆ ಅವರದು. ಒಳ್ಳೆಯ ಮನುಷ್ಯ, ತಾವು ತಂದ ಗುಜರಾತಿ ರೊಟ್ಟಿ ತೇಪ್ಲಾವನ್ನು ಹಂಚಿ ತಿನ್ನುತ್ತಿದ್ದರು. ನಾವು ಕೂಡಿ ಹೋದರೆ ತೂಕ ಬರುತ್ತದೆ ಎಂದರು. ಹೌದೆನಿಸಿತು. ಅವರ ಬೇಡಿಕೆಯಲ್ಲಿ ಕಂಪನಿಗಳಿಗೆ ತೆರಿಗೆ ರಿಯಾಯಿತಿ, ನಮ್ಮದರಲ್ಲಿ ಎರಡು ದನದವರಿಗೆ ಸಹಾಯಧನ, ಎರಡೂ ಒಂದೇ ಅರ್ಜಿಯಲ್ಲಿ. ಸೇಟರು ಸೂಟು ಹಾಕಿಕೊಂಡು ಬಂದು ಪಾರ್ವತೆವ್ವನ ಕಣ್ಣಿನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಒಮ್ಮೆ ಒಬ್ಬ ಜಂಟಿ ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಬಜೆಟ್ಟಿನ ಸಂಜೆ ಹಾನಗಲ್ಲಿನ ಕೋಣೆಯಲ್ಲಿ ರೇಡಿಯೊ ಮುಂದೆ ಗೌಡರೂ ನಾನೂ ಕೂತಿದ್ದೆವು. ಇಂಥ ಸಲಕರಣೆ ಹಾಕಿಸುವ ಕಂಪನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಎಂದು ಸುದ್ದಿ ಬಂತು. ಮುಂದೆ ನಮ್ಮದು ಬರುತ್ತದೆಂದು ಕಿವಿ ಹಚ್ಚಿ ಕೂತೆವು. ಸಿಗರೇಟು ಬಂತು, ಸಾಬೂನು ಬಂತು, ಹವಾಮಾನ ಬಂತು. ಗೌಡರು ರೇಡಿಯೊ ಬಂದ್ ಮಾಡಿದರು.

"ಸೇಟ್ ಮೋಸಾ ಮಾಡಿದನೇನ್ರಿ ಆಚಾರ್ರ?"

"ಇಲ್ರೀ. ಎರಡೂ ಕೇಳಿದ್ರು. ಅವರು ಕೊಡೂದು ಒಂದ ಕೊಟ್ಟಾರ."

"ಪಾರ್ವತೆವ್ವಗ ತೆರಿಗಿ ಮಾಫ್ ಆದ್ರ ಏನ್ ಬಂತ್ರಿ? ಆಕಿ ಎಂದ ತೆರಿಗಿ ಕಟ್ಟ್ಯಾಳ?" ಎಂದು ತಮಗೆ ತಾವೇ ಹೇಳಿಕೊಂಡರು. ಎದ್ದು ಚಪ್ಪಲಿ ಮೆಟ್ಟುತ್ತ, "ಆಕಿ ಕಣ್ಣೀರು ಬಜೆಟ್ಟಿನ್ಯಾಗ ಬಂತು, ಆಕಿ ಬರ್ಲಿಲ್ಲ" ಎಂದರು. ಅಂದಿನ ಮೇಲೆ ಗೌಡರು ದಿಲ್ಲಿಗೆ ಬರಲಿಲ್ಲ. ಕೆಲವು ವರ್ಷಗಳಿಗೆ ತೀರಿಕೊಂಡರು. ತರುಣರಿಗೆ ನಾನು ಹೇಳುವುದಿದ್ದರೆ ಇದನ್ನು ಹೇಳಬೇಕು. ತೆರಿಗೆ ರಿಯಾಯಿತಿ ಕೇಳುವ ಮೊದಲು ನಿಮ್ಮವರು ತೆರಿಗೆ ಕಟ್ಟುವವರೋ ಎಂದು ನೋಡಿಕೊಳ್ಳಿ. ಅರ್ಜಿಯಲ್ಲಿ ಕೂಡಿ ಹೋದವರು ಆದೇಶದಲ್ಲಿ ಕೂಡಿ ಬರುವುದಿಲ್ಲ.

ನಾನೊಬ್ಬನೇ ಹೋಗಿ ಬರುತ್ತಿದ್ದೆ, ಎತ್ತು ಗಾಣ ಸುತ್ತಿದ ಹಾಗೆ. ಆಮೇಲೆ ಒಂದು ಶ್ರಾವಣದಲ್ಲಿ, ಯಾವ ಸದ್ದೂ ಇಲ್ಲದೆ, ಟಪಾಲಿನಲ್ಲಿ ಸುತ್ತೋಲೆ ಬಂತು. ಎರಡು ದನವಿದ್ದವರೂ ಸಹಾಯಧನಕ್ಕೆ ಅರ್ಹರು. ಕುರ್ಚಿಯಲ್ಲಿ ಕೂತವನು ಹಾಗೆಯೇ ಕೂತೆ, ಸಂತೋಷ ಬರಲಿ ಎಂದು ಕಾದೆ. ಕಾರಣವನ್ನೂ ಅದರಲ್ಲೇ ಬರೆದಿದ್ದರು. ಐದು ದನದವರು ಸಾಕಷ್ಟು ಸಿಗದೆ ಗೊತ್ತುಮಾಡಿದ ಗುರಿ ಮುಟ್ಟಿಲ್ಲವಾದ್ದರಿಂದ ನಿಯಮವನ್ನು ಸಡಿಲಿಸಲಾಗಿದೆ. ನಮ್ಮ ಅರ್ಜಿಯ ಮಾತಿಲ್ಲ, ಚಿಕ್ಕೇರೂರಿನ ಮಾತಿಲ್ಲ. ಅಷ್ಟು ವರ್ಷ ನಾವು ಬೆಂಚಿನ ಮೇಲೆ ಕೂರದಿದ್ದರೂ ಅದು ಅಂದೇ ಬರುತ್ತಿತ್ತೋ ಏನೋ.

ಸುದ್ದಿಯನ್ನು ಪಾರ್ವತೆವ್ವನಿಗೆ ನಾನೇ ಹೇಳಬೇಕೆಂದು ಮರುದಿನವೇ ಬಸ್ ಹತ್ತಿದೆ. ಅಂದು ನಾಗರ ಪಂಚಮಿ ಎಂಬುದು ಬಸ್ಸಿನಲ್ಲಿ ಹಬ್ಬದ ಜನ ಕಂಡಾಗಲೇ ಹೊಳೆದದ್ದು. ಅದಕ್ಕೆ ಮುಂಚೆ ನಾನು ಚಿಕ್ಕೇರೂರಿಗೆ ಎಷ್ಟೋ ಸಲ ಹೋಗಿದ್ದೆ, ಆದರೆ ಹಬ್ಬದ ದಿನ ನಾನು ಸವಣೂರಿನ ನಮ್ಮ ಮನೆಯಲ್ಲಿಯೇ ಇರುತ್ತಿದ್ದವನು. ಹೋದಾಗಲೆಲ್ಲ ಅವಳ ಒಲೆ ಚೆನ್ನಾಗಿ ಉರಿಯುತ್ತಿತ್ತು, ರೊಟ್ಟಿ ಉಬ್ಬುತ್ತಿತ್ತು, ಕಣ್ಣೂ ಒಂದು ಮಟ್ಟಕ್ಕೆ ನೆಟ್ಟಗಿತ್ತು.

ಅಂದು ಮಳೆ ಹನಿಯುತ್ತಿತ್ತು. ಅವಳ ಮನೆಯ ಬೆಳಕಿಂಡಿಯಿಂದ ದಟ್ಟವಾಗಿ ಹೊಗೆ ಬರುತ್ತಿದ್ದುದನ್ನು ದೂರದಿಂದಲೇ ಕಂಡೆ. ಡ್ರಮ್ಮು ತೂತು ಬಿದ್ದಿರಬೇಕೆಂದು ನೇರವಾಗಿ ಹಿತ್ತಿಲಿಗೆ ಹೋದೆ. ಡ್ರಮ್ಮು ತುದಿಯವರೆಗೆ ಎದ್ದು ನಿಂತಿತ್ತು. ಗ್ಯಾಸ್ ಹಿಡಿಸದೆ ಅದರ ಅಂಚಿನಿಂದ ಗುಳುಗುಳು ಗುಳ್ಳೆ ಎದ್ದು ಗಾಳಿಗೆ ಹೋಗುತ್ತಿತ್ತು. ಒಳಗೆ ಪಾರ್ವತೆವ್ವ ಹಸಿ ಕಟ್ಟಿಗೆ ಊದುತ್ತ, ಪಂಚಮಿಯ ಉಂಡಿಗೆ ಬೇಕಾದದ್ದನ್ನು ಕರಿಯುತ್ತ ಕೂತಿದ್ದಳು. ಕಣ್ಣುಗಳು ಆ ಮೊದಲ ಸಭೆಯಲ್ಲಿ ಕಂಡ ಹಾಗೆಯೇ ಕೆಂಪಗೆ ನೀರು ಸುರಿಸುತ್ತಿದ್ದವು.

"ಏನಿದು ಪಾರ್ವತೆವ್ವ? ಗ್ಯಾಸ್ ತುಂಬಿ ಹೊರಗ ಹೊಂಟದ, ನೀವು ಹೊಗಿಯೊಳಗ ಕೂತೀರಿ?"

ಹಬ್ಬಕ್ಕೆ ಬಂದಿದ್ದ ಮಗಳು ಗಂಗವ್ವ ಹಿಂದಿನಿಂದ, "ನೀವರ ಹೇಳ್ರಿ ಸಾಹೇಬ್ರ. ದೀಪಾವಳಿ, ಯುಗಾದಿ, ಪಂಚಮಿ, ಹಬ್ಬ ಬಂತಂದ್ರ ಗ್ಯಾಸ್ ಮುಟ್ಟಾಕ ಕೊಡೂದಿಲ್ಲ ನಮ್ಮವ್ವ. ಹಬ್ಬ ಮುಗಿದ ಮ್ಯಾಲೆ ಎಂಟ ದಿನ ಕಣ್ಣಿಗೆ ಅರಿವಿ ಕಟ್ಕೊಂಡು ಮಲಗ್ತಾಳ" ಎಂದಳು.

ಪಾರ್ವತೆವ್ವ ಊದುಗೊಳವೆ ಕೆಳಗಿಟ್ಟಳು. "ಆ ಸಾಹೇಬ್ರು ಹೇಳದನ ಬರ್ತೇನಿ ಅಂದಾರಲ್ರಿ. ಅಂದೂ ಹಬ್ಬದ ದಿನಾನ ಬಂದಿದ್ರು, ಮತ್ತ ಬರೂದೂ ಹಬ್ಬದ ದಿನಾನ. ಬಂದ್ರ ಒಲಿ ಹತ್ತಬೇಕಲ್ರಿ. ಅಂದ ನಮ್ಮ ಒಲಿ ಆರಿದ್ದಕ್ಕ ಎಷ್ಟ ಮಂದಿ ಮನ್ಯಾಗ ಒಲಿ ಬರ್ಲಿಲ್ಲ."

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಅವಳ ಹೊಗೆಯ ಕಥೆಯನ್ನು ನಾನು ದಿಲ್ಲಿಯ ಎಷ್ಟೋ ಕೋಣೆಗಳಲ್ಲಿ ಹೇಳಿದ್ದೆ. ಅದೇ ವರ್ಷಗಳಲ್ಲಿ, ದಿಲ್ಲಿಗೋಸ್ಕರವೇ, ಅವಳು ಹೊಗೆಯಲ್ಲಿ ಕೂತಿದ್ದಳು. ಬರುತ್ತೇನೆ ಎಂದವರು ಎಂದೋ ಬೇರೆ ಇಲಾಖೆಗೆ ಹೋಗಿದ್ದರು. ಅದು ನನಗೆ ಗೊತ್ತಿತ್ತು, ಅವಳಿಗೆ ಹೇಳಬೇಕೆಂದು ನನಗಾಗಲಿ ಯಾರಿಗಾಗಲಿ ಹೊಳೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆ ಇತ್ತಲ್ಲ, ಯಾರೂ ಕೇಳಲಿಲ್ಲ.

"ನಿಯಮ ಬದಲಾಗೇದವ್ವ" ಎಂದೆ. "ಎರಡು ದನದವರಿಗೂ ಕೊಡ್ತಾರ. ನಿನ್ನೆ ಕಾಗದ ಬಂತು."

ಅವಳು ಗ್ಯಾಸಿನ ಒಲೆಯ ಕಡೆ ನೋಡಿದಳು. "ನಮ್ಮ ಒಲಿ ನೋಡದನ ಕೊಟ್ಟಾರೇನ್ರಿ?"

"ಹೌದು. ನೋಡದನ ಕೊಟ್ಟಾರ."

"ಹಂಗಾರ ಸಾಹೇಬ್ರು ಬರೂದಿಲ್ಲ?"

"ಬರೂದಿಲ್ಲವ್ವ. ಇನ್ನ ಯಾರೂ ಬರೂದಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಣ್ಣೆಯ ಬಾಣಲೆಯನ್ನು ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟಳು. ಗಂಗವ್ವ ಕಟ್ಟಿಗೆಯ ಮೇಲೆ ನೀರು ಚೆಲ್ಲಿದಳು. ಪಾರ್ವತೆವ್ವ ಕಡ್ಡಿ ಗೀರಿ ಗ್ಯಾಸಿನ ಕೀಲಿ ತಿರುವಿದಳು. ತುಂಬಿ ನಿಂತಿದ್ದ ಗ್ಯಾಸ್ ಸುಯ್ಯೆಂದು ಬಂದು ನೀಲಿ ಉರಿ ಒಲೆಯ ಸುತ್ತ ಹಬ್ಬಿತು. ಬಾಣಲೆ ಇಡುವುದನ್ನು ಮರೆತು ಮೂವರೂ ಅದನ್ನೇ ನೋಡುತ್ತ ಕೂತೆವು.

"ನೋಡ್ರಿ ಸಾಹೇಬ್ರ, ಎರಡ ದನದ ಸಗಣಿ ಇದು. ಎಷ್ಟ ಛಲೋ ಉರೀತೈತಿ" ಎಂದಳು. ನಟರಾಜನ್ ಬಂದಾಗ ಹೇಳಬೇಕೆಂದು ಅವಳು ಕಾದಿಟ್ಟಿದ್ದ ಮಾತದು. ಕೇಳಲು ನಾನಿದ್ದೆ, ನನಗೆ ಹೇಳಿದಳು.